ಒಲೆ ಹಚ್ಚದ ಮನೆ

ವಿನೋದಮ್ಮ ತೀರಿಕೊಂಡ ಸುದ್ದಿ ವೃಂದಾಳಿಗೆ ತಿಳಿದದ್ದು ಅವರದೇ ಹೋಟೆಲಿನ ಮೆಟ್ಟಿಲ ಬಳಿ. ಟಿ. ನಗರದ ಆ ಗಲ್ಲಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಶಟರು ಅರ್ಧ ಇಳಿದಿತ್ತು. ಹಳೆಯ ಅಡುಗೆಯವರು ಕಿಟ್ಟಣ್ಣ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು.

"ಅಮ್ಮ ನಸುಕಿಗೆ ಹೋದ್ರು ಮಗಾ. ಸುಕೇಶ ಸ್ಮಶಾನಕ್ಕೆ ಹೋಗಿದ್ದಾನೆ."

ಅನ್ನದ ಋಣ ತೀರಿದ ಮೇಲೆ ಜೀವ ಒಂದು ಗಳಿಗೆಯೂ ನಿಲ್ಲುವುದಿಲ್ಲ. ವೃಂದಾ ಕೈಯಲ್ಲಿದ್ದ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡಳು.

ಸರ್ಕಾರದ ಸಮೀಕ್ಷೆಗಾಗಿ ಮನೆಮನೆಯ ಖರ್ಚು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಮನೆಯೊಂದಕ್ಕೆ ಮೂರು ಭೇಟಿ: ಮೊದಲ ತಿಂಗಳು ಊಟದ್ದು, ಎರಡನೆಯದು ಸೋಪು, ಕರೆಂಟು, ಬಸ್ಸಿನದು, ಮೂರನೆಯದು ಬಟ್ಟೆಪಾತ್ರೆಯದು. ಆಮೇಲೆ ಆ ಹೊಸಿಲು ತುಳಿಯಲು ಕಾರಣವೇ ಇಲ್ಲ. ರಾಯಪುರಂನಿಂದ ಪಲ್ಲಾವರಂವರೆಗೆ ಮೆಟ್ಟಿಲು ಹತ್ತಿ ಸವೆದ ಕಾಲು ಅವಳದು. ಆದರೂ ಇನ್ನೆಷ್ಟು ಭೇಟಿ ಉಳಿದಿದೆ ಎಂದು ಅವಳು ಎಣಿಸಿದ್ದು ಈ ಒಂದು ಮನೆಯಲ್ಲಿ ಮಾತ್ರ.

ಮೊದಲ ಭೇಟಿಯಲ್ಲಿ ನಡೆದದ್ದು ಹೀಗೆ.

"ಅಕ್ಕಿ ಎಷ್ಟು ತಗೋತೀರಿ ಮಾಮಿ?"

"ಇಲ್ಲ."

"ಎಣ್ಣೆ?"

"ಅದೂ ಇಲ್ಲ ಮಾರಾಯ್ತಿ. ಕೆಳಗೆ ಹೋಟೆಲು, ಮೇಲೆ ಮನೆ. ಇಲ್ಲಿ ಒಲೆಯೇ ಹಚ್ಚುದಿಲ್ಲ."

ಬಾಗಿಲಿಗೊರಗಿ ನಿಂತಿದ್ದ ಮಗ ಸುಕೇಶ, "ಎಲ್ಲ ಸೊನ್ನೆ ಬರೀರಿ ಮೇಡಂ. ನಾವು ಗಾಳಿ ತಿಂದು ಬದುಕುವವರು" ಎಂದ.

"ಗಾಳಿ ತಿಂದು ಈ ಹೊಟ್ಟೆ ಬಂತಾ?" ಎಂದರು ವಿನೋದಮ್ಮ.

ವೃಂದಾ ನಕ್ಕಳು. ಅವನು ಅಂಗಿಯನ್ನು ಕೆಳಗೆಳೆದುಕೊಂಡು ಅವಳತ್ತ ನೋಡಿದ. ಅವಳು ನೋಡಿದಾಗ ಗೋಡೆಯ ಕ್ಯಾಲೆಂಡರ್ ನೋಡಿದ. ಅವಳು ಸೊನ್ನೆಗಳನ್ನೇ ಬರೆದುಕೊಂಡು ಬಂದಿದ್ದಳು.

ಸೂಪರ್‌ವೈಸರ್ ಜಯಲಕ್ಷ್ಮೀ ಅದನ್ನು ಒಪ್ಪಲಿಲ್ಲ.

"ಏನ್ಮಾ ಇದು? ರಾಯಪುರಂನಲ್ಲಿ ದುಡ್ಡು ಮೀನಿಗೆ ಹೋಗುತ್ತೆ, ಟಿ. ನಗರದಲ್ಲಿ ಹಾಲು ಕಾಫಿಗೆ, ಪಲ್ಲಾವರಂನಲ್ಲಿ ಸಂತೆಗೆ. ಊಟವೇ ಮಾಡದ ಮನೆ ಎಲ್ಲಿದೆ? ಹೋಟೆಲಿಂದ ಬಂದದ್ದೂ ಖರ್ಚೇ. ಯಾರ್ಯಾರು ಎಷ್ಟು ತಿಂದರು, ಕೇಳ್ಕೊಂಡು ಬಾ."

ಅದನ್ನು ಕೇಳಲು ಬಂದ ಬೆಳಿಗ್ಗೆಯೇ ಸಾವಿನ ಸುದ್ದಿ ಸಿಕ್ಕಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ವೃಂದಾ ಎರಡನೆಯ ಭೇಟಿಗೆ ಮತ್ತೆ ಹೋದಳು. ಸುಕೇಶನ ತಲೆ ಬೋಳಾಗಿತ್ತು, ಕಣ್ಣು ಗುಳಿಬಿದ್ದಿತ್ತು.

"ಕೇಳೋಕೆ ಮನಸ್ಸಿಲ್ಲ, ಆದರೆ ಮನೆಯವರೇ ಹೇಳಬೇಕಂತೆ" ಎಂದಳು ವೃಂದಾ. " ಅಮ್ಮ ಬೆಳಿಗ್ಗೆ ಎಷ್ಟು ಇಡ್ಲಿ ತಿಂತಿದ್ರು?"

ಅವನು ಕಿಟಕಿಯಾಚೆ ಬೀದಿಗೆ ಕೈ ತೋರಿಸಿದ.

"ಎದುರಿನ ಜವಳಿ ಅಂಗಡಿಯವ ಎಷ್ಟು ವಡೆ ತಿಂತಾನೆ, ಕೇಳಿ, ಹೇಳ್ತೇನೆ. ಇಪ್ಪತ್ತು ವರ್ಷ ಊರಿಗೆಲ್ಲ ಬಡಿಸಿದೆ. ನನ್ನ ಅಮ್ಮ ಎಷ್ಟು ತಿಂತಿದ್ರು, ನಂಗೆ ಗೊತ್ತಿಲ್ಲ." ಅಷ್ಟು ದೊಡ್ಡ ಗಂಡಸು ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

"ಒಂದೂವರೆ" ಎಂದಳು ವೃಂದಾ ಮೆಲ್ಲಗೆ. "ಮೊದಲ ಭೇಟಿಯ ದಿನ ನೀವು ಕೆಳಗಿಳಿದ ಮೇಲೆ ತಟ್ಟೆ ಬಂತು. ಎರಡಿತ್ತು. ಅರ್ಧ ಮುರಿದು ನನ್ನ ಕೈಗಿಟ್ರು. 'ದಿನಾ ಈ ಅರ್ಧ ಉಳಿಯುತ್ತೆ. ನನ್ನ ಮಗ ಎಲ್ಲರಿಗೂ ಬಡಿಸ್ತಾನೆ, ಅವನ ಎಲೆಯ ಪಕ್ಕ ಕೂರೋರು ಯಾರೂ ಇಲ್ಲ' ಅಂದ್ರು."

ಅವನು ಕೈ ತೆಗೆದು ಅವಳನ್ನು ನೋಡಿದ. ಈ ಸಲ ಕ್ಯಾಲೆಂಡರ್ ಕಡೆಗೆ ತಿರುಗಲಿಲ್ಲ.

ಮೂರನೆಯ ಭೇಟಿ ಬೇಗ ಮುಗಿಯಿತು. ಹೊಸ ಬಟ್ಟೆಯಿಲ್ಲ, ಹೊಸ ಪಾತ್ರೆಯಿಲ್ಲ. ಅವಳು ಚೀಲ ಹೆಗಲಿಗೇರಿಸಿದಳು.

"ಇನ್ನು ಬರುದಿಲ್ವಾ?"

"ಬರೋಕೆ ಫಾರಂ ಇಲ್ಲ."

"ಫಾರಂ ಇಲ್ಲದೆ?"

"ಯಾಕೆ ಬಂದೆ ಅಂತ ಕಿಟ್ಟಣ್ಣ ಕೇಳ್ತಾರೆ."

ಮೆಟ್ಟಿಲ ಕೆಳಗಿನಿಂದ ಧ್ವನಿ ಬಂತು: "ನಾನೆಂತದೂ ಕೇಳುದಿಲ್ಲ!"

ಇಬ್ಬರಿಗೂ ನಗು ಬಂತು. ನಕ್ಕದ್ದೇ ತಪ್ಪಾಯಿತೇನೋ ಎಂಬಂತೆ ಅವನು ತಲೆ ತಗ್ಗಿಸಿದ.

"ಅಮ್ಮನ ವರ್ಷಾಂತ ಆಗುವವರೆಗೆ ಈ ಮನೆಯಲ್ಲಿ ಮಂಗಳಕಾರ್ಯ ಇಲ್ಲ. ನೀವೂ ದಣಿದಿದ್ದೀರಿ. ನನ್ನನ್ನು ಮದುವೆಯಾಗ್ತೀರಾ, ಅಲ್ಲಿವರೆಗೆ ಕಾಯ್ತೀರಾ ಅಂತ ಯಾವ ಬಾಯಲ್ಲಿ ಕೇಳುದು?"

"ಮೂವತ್ತೈದು ವರ್ಷ ಯಾರಿಗೆ ಅಂತ ಗೊತ್ತಿಲ್ಲದೆ ಕಾದೆ" ಎಂದಳು ವೃಂದಾ. "ಇನ್ನೊಂದು ವರ್ಷ ಗೊತ್ತಿದ್ದು ಕಾಯ್ತೀನಿ."

ಅವನು ತಾಯಿಯ ಪಟದ ಮುಂದೆ ದೀಪದ ಬತ್ತಿ ಸರಿಮಾಡಿದ. ಅವಳು ಪಕ್ಕದಲ್ಲಿ ಬಂದು ನಿಂತು ಕೈಮುಗಿದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೃಷ್ಣಾ, ಬಾಳೆಲ್ಲ ಈ ಮಹಡಿ ಹತ್ತಿ ಇಳಿದು ಈ ತಾಯಿ ಸೋತಿದ್ದಾಳೆ. ನಿನ್ನ ಪಾದದ ನೆರಳಿನಲ್ಲಿ ಅವಳನ್ನು ಕೂರಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು.