ಬನ್ನಿಯಿಂದ ಜಾಲಿಗೆ ಹೋದ ಬಿಲ್ಲೆಗಳು

ಒಂದು ಅಲ್ಯುಮಿನಿಯಂ ಬಿಲ್ಲೆಗೆ ಎರಡು ರೂಪಾಯಿ. ಅದರ ಮೇಲೆ ನಂಬರು ಒತ್ತಿಸಲು ಎಂಟಾಣೆ, ಗಿಡಕ್ಕೆ ಬಿಗಿಯುವ ತಂತಿಗೆ ನಾಲ್ಕಾಣೆ. ನೂರಾ ಎಂಬತ್ತು ಬಿಲ್ಲೆಗೆ ಒಟ್ಟು ನಾನೂರಾ ತೊಂಬತ್ತೈದು ರೂಪಾಯಿ. ಮಿರಜ ತಾಲೂಕಿನ ಗ್ರಾಮೀಣ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಪಾರ್ಶ್ವನಾಥ ಮಗದುಮ್ ಈ ಮೊತ್ತವನ್ನು ಕಾಗದದ ಮೂಲೆಯಲ್ಲಿ ಬರೆದುಕೊಂಡು, ಎದುರು ಕುಳಿತ ಹುಡುಗಿಯನ್ನು ನೋಡಿದರು. 1998ರ ಮೇ 11, ಸೋಮವಾರ, ಬೆಳಗಿನ ಹನ್ನೊಂದು ಗಂಟೆ.

"ಕಳವಾಗಿದ್ದು ಏನು?"

"ಏನೂ ಕಳವಾಗಿಲ್ರಿ."

ಮಗದುಮ್ ಪೆನ್ನು ಕೆಳಗಿಟ್ಟರು. "ಮತ್ತ ಫಿರ್ಯಾದಿ ಯಾತರದು?"

"ಗಿಡಾ ಸಣ್ಣ ಆಗ್ಯಾವ್ರಿ."

ಬಾಗಿಲ ಬಳಿ ನಿಂತಿದ್ದ ಹವಾಲ್ದಾರ ದಾದಾಸಾಹೇಬ ಮಾನೆ ತಲೆ ಒಳಗೆ ಹಾಕಿದ. "ಸಾಹೇಬ, ಹೊರಗ ಬಿಸಲು ಭಾಳ ಐತಿ. ಅಕ್ಕಾರಿಗೆ ಮೊದಲ ನೀರ ಕೊಡಲೇನು?"

ಹುಡುಗಿಯ ಹೆಸರು ಅಲಕಾ ಶೆಟೆ. ಮಿರಜ ಪೇಟೆಯ ಕಿರಾಣಿ ವ್ಯಾಪಾರಿಯ ಮಗಳು, ಸಾಂಗಲಿಯ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನೆಮಾತು ಕನ್ನಡವಾದರೂ ನಾಲ್ಕು ಮಾತಾಡಿದರೆ ಐದನೆಯದಕ್ಕೆ ಮರಾಠಿಗೆ ಹೊರಳುತ್ತಿದ್ದಳು. ನೀರು ಕುಡಿದು ನಿಧಾನವಾಗಿ ಹೇಳಿದಳು. ಬೇಡಗದ ಗಾಯರಾನದಲ್ಲಿ, ಅಂದರೆ ಊರ ದನಕುರಿ ಮೇಯುವ ಬಯಲಿನಲ್ಲಿ, ಮೂರು ವರ್ಷದ ಹಿಂದೆ ಗಿಡಗಳಿಗೆ ನಂಬರಿನ ಬಿಲ್ಲೆ ಕಟ್ಟಿದ್ದಳು. ವರ್ಷಕ್ಕೊಮ್ಮೆ ಪ್ರತಿ ಗಿಡದ ಸುತ್ತಳತೆ ತೆಗೆಯುವುದು ಕೆಲಸ. ನಿನ್ನೆ ಹೋದಾಗ, ಕಳೆದ ವರ್ಷ ಅಪ್ಪಿಕೊಳ್ಳುವಷ್ಟು ದಪ್ಪವಿದ್ದ ಬನ್ನಿಯ ನಂಬರು, ಮುಂಗೈಯಷ್ಟು ದಪ್ಪದ ಬಳ್ಳಾರಿ ಜಾಲಿಯ ಮೇಲಿತ್ತು.

"ಅಂದ್ರ ಯಾರೋ ಬಿಚ್ಚಿ ಬ್ಯಾರೆ ಗಿಡಕ್ಕ ಕಟ್ಟ್ಯಾರ."

"ಹೂಂರಿ. ಯಾಕಂತ ತಿಳೀವಲ್ದು."

ಮಗದುಮ್‌ಗೂ ತಿಳಿಯಲಿಲ್ಲ. ಅದಕ್ಕಿಂತ ಮೊದಲು ಬೇಡಗ ತಮ್ಮ ಹದ್ದಿನಲ್ಲಿದೆಯೇ ಎಂಬುದೇ ಖಾತ್ರಿಯಿರಲಿಲ್ಲ. ಫೆಬ್ರವರಿಯಲ್ಲಿ ಸಾಂಗಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಯಾವ ಊರು ಒಳಗೆ, ಯಾವುದು ಹೊರಗೆ ಎಂದು ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಠಾಣೆಗಳ ಹದ್ದನ್ನೂ ಹೊಸದಾಗಿ ಹಂಚುತ್ತಿದ್ದರು. ಎರಡು ಕಡೆ ಫೋನು ಮಾಡಿದ ಮೇಲೆ ಬೇಡಗ ಹಳ್ಳಿಯಾಗಿಯೇ ಉಳಿದಿದೆ, ಹಾಗಾಗಿ ನಿಮ್ಮದೇ ಎಂಬ ಉತ್ತರ ಬಂತು. ಕಳವು ಹಾಗೂ ನಷ್ಟ ಉಂಟುಮಾಡಿದ ಕಲಮುಗಳಡಿ, 379 ಮತ್ತು 427 ಎಂದು, ಎಫ್‌ಐಆರ್ ಬರೆಸಿದರು.

"ಬಿಲ್ಲೆ ಅಲ್ಲೇ ಅದಾವ. ಕಳವು ಹೆಂಗ ಸಾಹೇಬ?" ಎಂದ ದಾದಾಸಾಹೇಬ.

"ನಿನ್ನ ಚಪ್ಪಲಿ ನನ್ನ ಕಾಲಾಗಿದ್ರ ನೀ ಸುಮ್ಮಕಿರ್ತಿ?"

"ನಿಮ್ಮ ಕಾಲಾಗಿದ್ರ ಇರಬೇಕಾಗ್ತದ್ರಿ."

ಮರುದಿನ ಬೆಳಿಗ್ಗೆ ಎಂಟಕ್ಕೆ, ಊರಿನ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ನಡೆಯಿತು. ಬಳ್ಳಾರಿ ಜಾಲಿಯ ಮುಳ್ಳು ದಾದಾಸಾಹೇಬನ ತೋಳನ್ನು ಎರಡು ಕಡೆ ಸೀಳಿತು. ಬಿಲ್ಲೆಗಳು ತಂತಿಯಲ್ಲಿರಲಿಲ್ಲ, ಕಪ್ಪು ಉಣ್ಣೆಯ ಹುರಿಯಲ್ಲಿ ಬಿಗಿದಿದ್ದವು. ಮೂಲ ತಂತಿಯ ಒಂದು ತುಂಡೂ ನೆಲದ ಮೇಲೆ ಸಿಗಲಿಲ್ಲ. ಬನ್ನಿ, ಕರಿಜಾಲಿ, ಬಾರಿಹಣ್ಣಿನ ಗಿಡಗಳಿಂದ ಎಲ್ಲವನ್ನೂ ಬಿಚ್ಚಿದ್ದರು. ಸರ್ಕಾರ ಹಚ್ಚಿದ್ದ ನೀಲಗಿರಿ ಗಿಡಗಳ ಬಿಲ್ಲೆಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಮಗದುಮ್ ನೀಲಗಿರಿಯ ಕೆಳಗೆ ಬಹಳ ಹೊತ್ತು ನಿಂತರು. ಕಿಡಿಗೇಡಿಯಾದರೆ ಆರಿಸುವುದಿಲ್ಲ. ಇಲ್ಲಿ ಯಾರೋ ಕುಳಿತು ಆರಿಸಿದ್ದರು.

ಮೊದಲ ಸಂಶಯ ಜ್ಯೋತೆಪ್ಪನ ಮೇಲೆ ಬಂತು. ಅವನು ಬೇಡಗದ ಕುರಿಗಾರ. ಅಲಕಾಳಿಗೆ ಬಿಲ್ಲೆ ಕಟ್ಟಲು ನೆರವಾದವನು, ಆ ಗಿಡಗಳ ಮೇಲೆ ಕಣ್ಣಿಟ್ಟಿರಲು ಅವಳು ಪಗಾರಕ್ಕೆ ಇಟ್ಟುಕೊಂಡವನು.

"ನಿನಗ ಗೊತ್ತಿಲ್ಲದ ಇಷ್ಟ ಬಿಲ್ಲೆ ಸರದಾವ?"

"ನಾನ ಕಟ್ಟಿದ್ದು ನಾನ ಯಾಕ ಬಿಚ್ಚಲಿ ಸಾಹೇಬ್ರ?"

"ನೀ ಬಿಚ್ಚೀ ಅಂತ ನಾ ಕೇಳಿಲ್ಲ. ಗೊತ್ತಿಲ್ಲೇನಂತ ಕೇಳೇನಿ."

ಜ್ಯೋತೆಪ್ಪ ನೆಲ ನೋಡಿದ. "ಯುಗಾದಿ ಆದಮ್ಯಾಲ ನಾ ಸಲಗರೆ ಕಡೆ ಕುರಿ ಹೊಡಕೊಂಡು ಹೋಗಿದ್ನಿರಿ. ಮೊನ್ನೆ ಬಂದೇನಿ."

ಅದು ನಿಜವಾಗಿತ್ತು, ಸಲಗರೆಯ ಹೊಲದವರು ಖಾತ್ರಿ ಕೊಟ್ಟರು. ಆದರೆ ಉತ್ತರ ಕೊಡುವಾಗ ಅವನು ತನ್ನ ಹಟ್ಟಿಯ ಕಡೆ ಒಮ್ಮೆ ನೋಡಿದ್ದನ್ನು ಮಗದುಮ್ ಮನಸ್ಸಿನಲ್ಲಿಟ್ಟುಕೊಂಡರು.

ಠಾಣೆಗೆ ಬಂದು ಜಪ್ತಿ ಮಾಡಿದ ಹುರಿಯನ್ನು ಮೇಜಿನ ಮೇಲಿಟ್ಟರು. ಅದರ ಎಳೆ ಬಿಡಿಸಲು ಹೋದ ದಾದಾಸಾಹೇಬ ಬೈಯತೊಡಗಿದ. "ಏನ ಹುರಿ ಸಾಹೇಬ ಇದು! ಬಿಚ್ಚಾಕ ತಿರುವಿದ್ರ ಮತ್ತ ಬಿಗೀತೈತಿ."

"ಉಲ್ಟಾ ತಿರುವು."

ಉಲ್ಟಾ ತಿರುವಿದಾಗ ಎಳೆಗಳು ಸರಾಗ ಬಿಟ್ಟವು. ಮಗದುಮ್ ತಮ್ಮ ಸೊಂಟದ ಉಡದಾರ ಎಳೆದು ಪಕ್ಕದಲ್ಲಿ ಹಿಡಿದರು. ಅದರ ಹುರಿ ಒಂದು ಕಡೆ, ಇದರ ಹುರಿ ಇನ್ನೊಂದು ಕಡೆ. ಬಲಗೈಯವರು ತೊಡೆಯ ಮೇಲೆ ಹೊಸೆದರೆ ಹುರಿ ಹೀಗೆ ಬರುವುದಿಲ್ಲ.

13ರ ಬೆಳಿಗ್ಗೆ ಅವರು ದಾದಾಸಾಹೇಬನನ್ನೂ ಅಲಕಾಳನ್ನೂ ಮಹಿಳಾ ಕಾನ್‌ಸ್ಟೇಬಲ್ ಶಾಲನಳನ್ನೂ ಕರೆದುಕೊಂಡು ಜ್ಯೋತೆಪ್ಪನ ಹಟ್ಟಿಗೆ ಹೋದರು. ಮೂರು ಹೆಂಗಸರು ನೆರಳಲ್ಲಿ ಉಣ್ಣೆ ಹೊಸೆಯುತ್ತಿದ್ದರು. ಇಬ್ಬರ ಬಲಗೈ ಬಲತೊಡೆಯ ಮೇಲೆ ಓಡುತ್ತಿತ್ತು. ಮೂರನೆಯವಳು ಅರವತ್ತು ದಾಟಿದ ಮುದುಕಿ. ಅವಳ ಎಡಗೈ ಎಡತೊಡೆಯ ಮೇಲಿತ್ತು. ಅವಳ ಗುಡಿಸಲ ಗೂಟಕ್ಕೆ ತಂತಿಯ ದೊಡ್ಡ ಸಿಂಬೆ ನೇತಾಡುತ್ತಿತ್ತು.

"ಕುಂದರ್ರಿ ಸಾಹೇಬ್ರ," ಎಂದಳು ಇಂದ್ರವ್ವ. ಅವಳು ಜ್ಯೋತೆಪ್ಪನ ಸೋದರತ್ತೆ, ಈ ಬೇಸಿಗೆಯಲ್ಲಷ್ಟೇ ತನ್ನ ಕುರಿಗಳೊಂದಿಗೆ ಕುಪವಾಡದಿಂದ ಬಂದವಳು. "ಮಜ್ಜಿಗಿ ಕುಡೀತೀರೇನು?"

"ಆಮ್ಯಾಲ ಕುಡೀತೀನಿ ಆಯಿ. ಈ ತಂತಿ ಯಾರದು?"

"ಗಿಡದ್ದು. ಅಲ್ಲೇ ಒಗದ್ರ ಕುರಿ ನುಂಗಿ ಸಾಯತಾವ. ಅದಕ್ಕ ಆರಿಸಿ ತಂದೇನಿ."

"ಗಿಡದಿಂದ ಬಿಚ್ಚಿದವರ್ಯಾರು?"

"ನಾನ."

ದಾದಾಸಾಹೇಬ ಬರೆಯುವುದನ್ನು ನಿಲ್ಲಿಸಿ ಮುದುಕಿಯನ್ನು ನೋಡಿದ. ಇಷ್ಟು ಸಲೀಸಾದ ಕಬೂಲಿ ಅವನು ಕಂಡಿರಲಿಲ್ಲ.

"ಯಾಕ ಬಿಚ್ಚಿದಿ ಆಯಿ?"

"ಯಾಕಂದ್ರ? ಕುಪವಾಡದಾಗ ನಮ್ಮ ಹಟ್ಟಿ ಮುಂದ ಸಾಲಬೇವು ಇದ್ದೂರಿ. ಊರೆಲ್ಲಾ ಒಂದ ಆತು, ರಸ್ತೆ ದೊಡ್ಡದ ಆಗತೈತಿ ಅಂದ್ರು. ಒಂದ ದಿನ ಪ್ಯಾಂಟ ಹಾಕ್ಕೊಂಡವರು ಬಂದು ನಂಬರ ಹೊಡದ್ರು. ಬರೇ ಎಣಸಾಕತ್ತೀವಿ ಅಜ್ಜಿ, ಅಂದ್ರು. ಹೋಳಿ ಹುಣ್ಣಿಮಿಗೆ ಒಂದೂ ಉಳೀಲಿಲ್ಲ. ಇಲ್ಲಿ ಬಂದು ನೋಡತೀನಿ, ಬನ್ನಿ ಮ್ಯಾಲೂ ನಂಬರ! ಬೇಡಗಾನೂ ಕಾರ್ಪೊರೇಶನ್‌ದಾಗ ಹೋಗತೈತಂತ ಸಂತಿಯೊಳಗ ಮಾತು."

"ಜ್ಯೋತೆಪ್ಪಗ ಕೇಳಬೇಕಿತ್ತು."

"ಕೇಳೇನಿ. ಮೂರು ವರ್ಷ ಆತು, ಯಾರೂ ಕಡದಿಲ್ಲ ಅತ್ತಿ, ಅಂದ. ಅವನಿಗೇನ ತಿಳೀತೈತಿ, ಪಗಾರ ಅವರದ ತಿಂತಾನ."

"ಬಿಚ್ಚಿದ್ದು ಸರಿ. ಮತ್ತ ಜಾಲಿಗೆ ಯಾಕ ಕಟ್ಟಿದಿ?"

ಇಂದ್ರವ್ವ, ಇದನ್ನೂ ಹೇಳಿಕೊಡಬೇಕೇ ಎಂಬಂತೆ ಅವರನ್ನು ನೋಡಿದಳು. "ಲೆಕ್ಕ ಕಡಿಮಿ ಬಿದ್ರ ಮತ್ತ ಬಂದು ಬಡೀತಾರಲ್ರಿ. ಅವರಿಗೆ ಇಷ್ಟ ಗಿಡ ಬೇಕು, ಇಷ್ಟ ಕೊಟ್ಟೇನಿ. ಆ ಜಾಲಿ ಕಾಯಿ ತಿಂದು ಕುರಿ ದವಡಿ ಸೊಟ್ಟ ಆಗತೈತಿ, ಅದರ ಕೆಳಗ ಹುಲ್ಲ ಬೆಳೆಯೂದಿಲ್ಲ. ನೀಲಗಿರಿನೂ ಒಯ್ಯಲಿ. ಬನ್ನಿ ಕಾಯಿ, ಕರಿಜಾಲಿ ಸೊಪ್ಪು ಇಲ್ಲದ ಬ್ಯಾಸಗಿ ಹೆಂಗ ದಾಟಸೂದು?"

ಅಲಕಾ ಮುಂದೆ ಬಂದಳು. "ಆಜೀ, ನಾವು ಕಡಿಯಾಕ ಕಟ್ಟಿರಲಿಲ್ಲ. ಕುರಿಯವರು ಸೊಪ್ಪು ತರಿದು ಗಿಡಾ ಸಾಯಸ್ತಾರ, ಗಾಯರಾನಕ್ಕ ಬೇಲಿ ಹಾಕ್ರಿ ಅಂತ ಕೆಲವರು ತಾಲೂಕಾ ಕಮಿಟಿಗೆ ಅರ್ಜಿ ಕೊಟ್ಟಾರ. ನೀವು ಸೊಪ್ಪು ತರಿದ ಗಿಡಾನೂ ಬೆಳೀತಾವ ಅಂತ ತೋರಸಾಕ ನಾನು ಅಳತಿ ತಗೋತಿದ್ದೆ. ಈ ವರ್ಷದ್ದು ಕೊನೇ ಅಳತಿ."

"ನಮಗ ಯಾಕ ಹೇಳಲಿಲ್ಲವಾ?"

"ಪಂಚಾಯತಿಯೊಳಗ ಮರಾಠಿ ಕಾಗದ ಕೊಟ್ಟಿದ್ದೆ."

"ಪಂಚಾಯತಿಗೆ ಕುರಿ ಎಲ್ಲಿ ಅದಾವ?"

ಅಲಕಾ ಗೂಟದಲ್ಲಿದ್ದ ತಂತಿಯ ಸಿಂಬೆಯನ್ನು ಮುಟ್ಟಿದಳು. ಮುದುಕಿಯೇ ಮತ್ತೆ ಕೇಳಿದಳು. "ತಿರುಗಿ ಕಟ್ಟಿಕೊಡ್ತೀನಿ. ಆಗೂದಿಲ್ಲೇನು?"

"ಯಾವ ನಂಬರ ಯಾವ ಗಿಡದ್ದು, ನೆನಪೈತೇನು?"

"ನನಗ ಓದಾಕ ಬರೂದಿಲ್ಲವಾ. ಉಡಿಯಾಗ ಹಾಕ್ಕೊಂಡು ಹೋಗಿ ಕಟ್ಟೇನಿ."

"ಹೊಸಾದ ಶುರು ಮಾಡಿದ್ರ ಮತ್ತ ಮೂರು ವರ್ಷ ಬೇಕು. ಕಮಿಟಿ ಮುಂದಿನ ತಿಂಗಳ ಐತಿ."

ಇಂದ್ರವ್ವ ಹೊಸೆಯುತ್ತಿದ್ದ ಉಣ್ಣೆಯನ್ನು ಮಡಿಲಲ್ಲಿ ಇಟ್ಟಳು. ಕೈ ಮತ್ತೆ ಅದರ ಕಡೆ ಹೋಗಲಿಲ್ಲ.

"ಕೇಸು ವಾಪಸ ತಗೋತೀನ್ರಿ," ಎಂದಳು ಅಲಕಾ.

"ರಾಜಿ ಕೋರ್ಟಿನೊಳಗ ಆಗಬೇಕವಾ. ಅರೆಸ್ಟ್ ನಾ ತೋರಸಬೇಕು," ಎಂದರು ಮಗದುಮ್. ಆಮೇಲೆ ಮಜ್ಜಿಗೆ ಕೇಳಿ ಕುಡಿದರು. ಅದು ಇಂದ್ರವ್ವನಿಗೆ ಎದ್ದು ಸೀರೆ ಬದಲಿಸಿಕೊಳ್ಳಲು ಹೊತ್ತು ಕೊಟ್ಟಿತು.

ತಂತಿಯ ಸಿಂಬೆಯನ್ನು ಪಂಚರೆದುರು ಜಪ್ತಿ ಮಾಡಲಾಯಿತು. ಹನ್ನೊಂದೂವರೆಗೆ ಇಂದ್ರವ್ವನನ್ನು ಬಂಧಿಸಲಾಯಿತು. ಶಾಲನ ಅವಳ ಕೈಹಿಡಿದು ಜೀಪು ಹತ್ತಿಸಿದಳು. ಅಪ್ರಾಮಾಣಿಕ ಉದ್ದೇಶ ಕಂಡುಬಂದಿಲ್ಲ ಎಂದು ಬರೆದು ಮಗದುಮ್ ಕಳವಿನ ಕಲಮು ಕೈಬಿಟ್ಟರು. ನಷ್ಟದ ಕಲಮು ಉಳಿಯಿತು. ಜ್ಯೋತೆಪ್ಪನ ಜಾಮೀನಿನ ಮೇಲೆ ಸಂಜೆಯೇ ಅವಳನ್ನು ಬಿಟ್ಟರು. ಅಪರಾಧದ ಕಾರಣ ಎಂಬಲ್ಲಿ ಅವರು ಎರಡು ಸಲ ಬರೆದು ಹೊಡೆದುಹಾಕಿ, ಕೊನೆಗೆ ಹೀಗೆ ಬರೆದರು: ಆರೋಪಿ ನಂಬರು ಬಿದ್ದ ಗಿಡ ಉಳಿದದ್ದನ್ನು ಎಂದೂ ಕಂಡಿರಲಿಲ್ಲ.

ಹಳೆಯ ಅಳತೆಯೊಂದಿಗೆ ದಪ್ಪ ಹೋಲಿಸಿ ಅಲಕಾಳಿಗೆ ಗುರುತು ಹಿಡಿಯಲಾದದ್ದು ಇಪ್ಪತ್ತು ಗಿಡ ಮಾತ್ರ. ಅಷ್ಟು ಸಾಲದು ಎಂದು ಸಮಿತಿ ಹೇಳಿತು. ಜೂನ್ ಕೊನೆಗೆ ಗಾಯರಾನದ ಸುತ್ತ ತಂತಿಬೇಲಿ ಬಂತು. ಬನ್ನಿ, ಕರಿಜಾಲಿ, ಬಾರಿ ಒಂದೂ ಹೋಗಲಿಲ್ಲ, ಎಲ್ಲವೂ ಬೇಲಿಯ ಒಳಗೆ ಉಳಿದವು. ಇಂದ್ರವ್ವನ ಕುರಿಗಳು ಹೊರಗೆ ಉಳಿದವು.