ರಾಜಹಂಸಕ್ಕೊಂದು ಸಾಕ್ಷಿ

ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆಯುತ್ತಿದ್ದ ಷಣ್ಮುಖಪ್ಪನಿಗೆ ಕಲ್ಲಮ್ಮಜ್ಜಿ ಹೇಳಿದ ಮೊದಲ ಮಾತೆಂದರೆ, ಆ ಸೋರೆಬಳ್ಳಿ ತಮ್ಮದಲ್ಲ ಎಂದು. ಏರಿಯ ಕೆಳಗೆ ಕೆರೆಯ ಜಾಗದಲ್ಲಿ ಅಜ್ಜಿ ಒಂದು ಮಡಿ ಸೋರೆ, ನಾಲ್ಕು ಬದನೆ ಗಿಡ ಹಾಕಿಕೊಂಡಿದ್ದರು. ಪ್ಯಾಂಟು ತೊಟ್ಟು ಪೆನ್ನು ಹಿಡಿದವನು ಒತ್ತುವರಿ ಅಳೆಯಲು ಬಂದವನೇ ಇರಬೇಕೆಂದು ಅವರಿಗೆ ದಿಗಿಲು.

ಅಜ್ಜಿಯ ಊಹೆ ಅರ್ಧ ಸರಿ. ಷಣ್ಮುಖಪ್ಪ ಅಜ್ಜಂಪುರದ ರೆವಿನ್ಯೂ ಆಫೀಸಿನ ಗುಮಾಸ್ತ. ಆದರೆ ಅದು 1979ರ ಒಂದು ಭಾನುವಾರ, ಮತ್ತು ಅವನು ಬರೆಯುತ್ತಿದ್ದದ್ದು ಹಕ್ಕಿಗಳ ವಿಷಯ.

ಅಜ್ಜಿಯ ಹಿಂದೆ ಕೊಡ ಹಿಡಿದು ಬಂದ ಮೊಮ್ಮಗಳು ಮಲ್ಲಿಕಾಂಬ, ಊರಿನ ಪ್ರೈಮರಿ ಶಾಲೆಯ ಟೀಚರ್, ನಂಬಿಕೆ ಬಾರದೆ ಪುಸ್ತಕ ಕೇಳಿ ಪಡೆದಳು. ಮಕ್ಕಳ ಕಾಪಿ ತಿದ್ದುವವಳಂತೆ ಹುಬ್ಬು ಗಂಟಿಕ್ಕಿ ಓದಿದಳು. ಮಿಂಚುಳ್ಳಿ ಎರಡು. ಬೆಳ್ಳಕ್ಕಿ ಹದಿನಾಲ್ಕು, ಹಾರಾಡುತ್ತಿದ್ದುದರಿಂದ ಹದಿಮೂರೂ ಇರಬಹುದು. ಕೇರೆಹಾವು ಒಂದು, ಬಾಲ ಮಾತ್ರ ಕಂಡಿದೆ.

ಗಂಟಿಕ್ಕಿದ ಹುಬ್ಬು ಮೆಲ್ಲಗೆ ಬಿಚ್ಚಿಕೊಂಡಿತು. "ಬಾಲ ಕಂಡ್ರೆ ಸಾಲ್ದಾ? ಹಾವು ತಲೆ ಎತ್ತಿ ಹಾಜ್ರಿ ಹೇಳ್ಬೇಕಿತ್ತಾ?"

ಷಣ್ಮುಖಪ್ಪ ಬೆವರಿದ. ನೋಡದ್ದನ್ನು ಬರೆಯುವುದಿಲ್ಲ ಎಂದು ತೊದಲಿದ. ಆಫೀಸಿನ ಮಹಜರಿಗೆ ಸಾಕ್ಷಿಗಳ ಸಹಿ ಬೇಕಾಗುವ ಹಾಗೆ, ಅಪರೂಪದ ಪ್ರಾಣಿ ಕಂಡರೆ ಹತ್ತಿರವಿದ್ದವರಿಂದ ಸಹಿ ಮಾಡಿಸಿಕೊಳ್ಳುವುದು ಅವನ ಪದ್ಧತಿ. ದೇವನೂರಿನ ದಾರಿಯಲ್ಲಿ ಕಂಡ ನರಿಯ ಕೆಳಗೆ, ಎತ್ತಿನ ಗಾಡಿಯ ಲಕ್ಕಣ್ಣನ ಹೆಬ್ಬೆಟ್ಟಿನ ಗುರುತು ದುಂಡಗೆ ಕೂತಿತ್ತು. ಅದನ್ನು ಕಂಡು ಅವಳು ನಕ್ಕದ್ದಕ್ಕೆ ಕೊಡದ ನೀರು ತುಳುಕಿ ಸೆರಗು ನೆನೆಯಿತು. ನೆನೆದ ಸೆರಗನ್ನು ಅವಳು ಹಿಂಡಿಕೊಂಡ ಬಗೆಯನ್ನು ಅವನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಮರೆಯಲೂ ಇಲ್ಲ.

ಆಮೇಲೆ ಪ್ರತಿ ಭಾನುವಾರ ಅವನ ಸೈಕಲ್ಲಿಗೆ ಬೇರೆ ದಾರಿಯೇ ತಿಳಿಯಲಿಲ್ಲ. ಮಲ್ಲಿಕಾಂಬಳೂ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯತೊಡಗಿದಳು. ಸೋಮವಾರ, ನುಗ್ಗೆ ಮರದಲ್ಲಿ ಗಿಳಿ ಐದು. ಗುರುವಾರ, ಬಚ್ಚಲ ಹಿಂದೆ ಮುಂಗುಸಿ, ಮರಿಯ ಸಮೇತ. ಅಜ್ಜಿ ಬಳ್ಳಿಗೆ ನೀರು ಹನಿಸುವಷ್ಟು ಹೊತ್ತು ಇಬ್ಬರೂ ತಂತಮ್ಮ ವಾರವನ್ನು ಒಪ್ಪಿಸಿಕೊಳ್ಳುತ್ತಿದ್ದರು. ಬಳ್ಳಿಗೆ ಬೇಕಾದ ನೀರು ವಾರದಿಂದ ವಾರಕ್ಕೆ ಹೆಚ್ಚುತ್ತಾ ಹೋಯಿತು.

ಅವಳ ತಂದೆ ತೀರ್ಥಪ್ಪ ಮೊದಲು ಮುಖ ಗಂಟು ಹಾಕಿಕೊಂಡರು. ಒಂದು ದಿನ ನೋಟ್‌ಬುಕ್ ತರಿಸಿ, ಕನ್ನಡಕ ಏರಿಸಿ ಪೂರ್ತಿ ಓದಿದರು. "ಅನುಮಾನ ಇದ್ದದ್ದನ್ನ ಅನುಮಾನ ಅಂತ್ಲೇ ಬರ್ದವ್ನೆ. ಸುಳ್ಳು ಹೇಳೋನಲ್ಲ, ಬರ್ಲಿ ಬಿಡು."

ಮಲ್ಲಿಕಾಂಬ ಆ ಮಾತನ್ನು ನಗುತ್ತಾ ತಂದು ಮುಟ್ಟಿಸಿದಳು. ಷಣ್ಮುಖಪ್ಪನಿಗೆ ಮಾತ್ರ ಅದು ತಲೆಯ ಮೇಲೆ ತುಂಬಿದ ಕೊಡ ಇಟ್ಟ ಹಾಗಾಯಿತು. ಒಂದು ಹನಿ ಚೆಲ್ಲಿದರೂ ಈ ಭಾನುವಾರಗಳು ಮುಗಿದಂತೆ.

ಜನವರಿಯ ಒಂದು ಮುಂಜಾನೆ ಅದು ಚೆಲ್ಲಿಯೇ ಹೋಯಿತು. ಮಂಜು ಏಳುತ್ತಿದ್ದ ಆಚೆ ದಡದಲ್ಲಿ, ಮೂಡುತ್ತಿದ್ದ ಸೂರ್ಯನೆದುರು ಉದ್ದ ಕಾಲಿನ ನಸುಗೆಂಪು ಹಕ್ಕಿಯೊಂದು ನಿಂತಿತ್ತು. ರಾಜಹಂಸ, ಎಂದ ಪಿಸುದನಿಯಲ್ಲಿ. ಅದೆಲ್ಲಿಯ ರಾಜಹಂಸ, ಈ ಕೆರೆಗೆ! ಪೆನ್ನು ತೆಗೆದು ಬರೆದ. ಮಲ್ಲಿಕಾಂಬ ತಲೆದೂಗಿ ಕೆಳಗೆ ಸಹಿ ಹಾಕಿದಳು. ತೀರ್ಥಪ್ಪ ಅಕ್ಕಿ ಗಿರಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಮುಂದಿನ ಭಾನುವಾರ ಷಣ್ಮುಖಪ್ಪ ಬೆಳಕು ಹರಿಯುವ ಮುನ್ನವೇ ಬಂದ. ಅದೇ ಜಾಗದಲ್ಲಿ ಅದೇ ಹಕ್ಕಿ. ಸೂರ್ಯ ಮಾರುದ್ದ ಮೇಲೇರುವಷ್ಟರಲ್ಲಿ ಕೆಂಪು ತೊಳೆದುಹೋಗಿ ಅಪ್ಪಟ ಬಿಳಿ ಉಳಿಯಿತು. ಕೊಕ್ಕು ಚಮಚದ ಹಾಗೆ ಚಪ್ಪಟೆ. ಪ್ರತಿ ಚಳಿಗಾಲ ಬರುವ ಚಮಚಕೊಕ್ಕಿನ ಹಕ್ಕಿ ಅದು.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ತೀರ್ಥಪ್ಪ ಊರೆದುರು ನಗೆಪಾಟಲು, ಟೀಚರಮ್ಮನ ಸಹಿಯೂ ಸುಳ್ಳು. ಅಜ್ಜಿ ಮೊಮ್ಮಗಳು ಏರಿ ಹತ್ತಿ ಬರುವವರೆಗೂ ಅವನು ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒರೆಸುತ್ತಾ ನಿಂತ.

"ಟೀಚರ್, ಅದು ರಾಜಹಂಸ ಅಲ್ಲ. ನಾನು ತಪ್ಪು ಬರ್ದೆ, ನಿಮ್ಮ ಕೈಲೂ ತಪ್ಪು ಸಹಿ ಹಾಕಿಸ್ದೆ. ನಿಮ್ಮಪ್ಪಾರಿಗೂ ನಾನೇ ಹೇಳ್ತೀನಿ. ಇನ್ನು ಬರ್ಬೇಡ ಅಂದ್ರೆ ಬರಲ್ಲ."

ಮಲ್ಲಿಕಾಂಬ ನೀರು ನೋಡಿದಳು, ಕಾಲಿನ ಹೆಬ್ಬೆರಳು ನೋಡಿದಳು. ತುಟಿಯ ಒಂದು ಕೊನೆ ಒಳಕ್ಕೆ ಸರಿಯಿತು.

"ಆ ಹಕ್ಕೀನ ನಾನು ನೋಡೇ ಇಲ್ಲ."

"ಮತ್ತೆ ಸಹಿ ಹಾಕಿದ್ರಿ?"

"ನೀವು ಅಷ್ಟು ಖುಷಿಯಾಗಿ ನೋಡ್ತಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ. ಹಕ್ಕಿ ನೋಡೋಕೆ ಪುರುಸೊತ್ತೆಲ್ಲಿತ್ತು?"

ಗುಮಾಸ್ತನ ಬಾಯಿಗೆ ಬಂದದ್ದು ಆಫೀಸಿನ ಮಾತೇ. "ನೋಡ್ದೇ ಸಾಕ್ಷಿ ಹಾಕೋದು ಅಪರಾಧ ಕಣ್ರೀ."

"ಹಾಗಾದ್ರೆ ತಪ್ಪು ಇಬ್ರದೂ ಆಯ್ತಲ್ಲ. ಅಪ್ಪನ ಮುಂದೆ ನೀವೊಬ್ರೇ ಯಾಕೆ ನಿಲ್ಬೇಕು?"

ಅವಳು ಈಗ ನೇರವಾಗಿ ನೋಡುತ್ತಿದ್ದಳು. ಷಣ್ಮುಖಪ್ಪ ನೋಟ್‌ಬುಕ್ ತೆರೆದು ರಾಜಹಂಸದ ಸಾಲಿನ ಮೇಲೆ ಒಂದು ಗೀಟು ಎಳೆದ. "ನಿಮ್ಮಪ್ಪಾರನ್ನ ಇನ್ನೊಂದು ಮಾತೂ ಕೇಳ್ಬೇಕು ಅಂತ ಇದೀನಿ. ನಿಮಗೆ ಒಪ್ಗೆ ಇದ್ರೆ."

"ಅದನ್ನ ಕೇಳೋಕೆ ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ," ಎಂದಳು. "ನಾಳೆನೇ."

ಸೋರೆಬಳ್ಳಿಯ ಮರೆಯಿಂದ ಅಜ್ಜಿಯ ದನಿ ಎದ್ದಿತು. "ನಾಳೆ ಸೋಮವಾರ, ಒಂಬತ್ತು ಗಂಟೆವರ್ಗೂ ರಾಹುಕಾಲ ಕಣೇ, ಆಮೇಲೆ ಬರಕ್ಕೇಳು. ಹಕ್ಕಿ ವಿಚಾರ ನಂಗ್ ಬಿಡಿ. ತೀರ್ಥನ್ನ ಹೆತ್ತೋಳು ನಾನು."

ಆರು ವರ್ಷದ ನೌಕರಿಯಲ್ಲಿ ಷಣ್ಮುಖಪ್ಪ ಒಂದು ದಿನವೂ ರಜೆ ಹಾಕಿದವನಲ್ಲ. ಏರಿಯ ಕಲ್ಲಿನ ಮೇಲೆ ಕೂತು, ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಅರ್ಜಿ ಬರೆಯತೊಡಗಿದ. ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಂತುಹೋಯಿತು.

ಮಲ್ಲಿಕಾಂಬ ಅವನ ಹೆಗಲ ಪಕ್ಕ ಬಗ್ಗಿ ನೋಡಿದಳು. "ಮದುವೆ ಮಾತುಕತೆ ಅಂತ ಬರೀರಿ," ಎಂದಳು. "ನಿಜಾನೇ ಅಲ್ವಾ?"

ಅವನು ಬರೆದ.