ಬಿ ಸೈಡಿನ ಕೊನೆಯ ನಾಲ್ಕು ನಿಮಿಷ

"ಇದನ್ನ ಸರಿ ಮಾಡಿಕೊಡ್ರಿ. ಆದ್ರ ಯಾರದು ಅಂತ ಮಾತ್ರ ವಿಚಾರಸಬ್ಯಾಡ್ರಿ."

ಕೌಂಟರಿನ ಮೇಲೆ ಕ್ಯಾಸೆಟ್ ಇಟ್ಟ ಕೈ ಅದನ್ನು ಇನ್ನೂ ಬಿಟ್ಟಿರಲಿಲ್ಲ. ಅಮರೇಶ ಮೊದಲು ನೋಡಿದ್ದು ಆ ಕೈಯನ್ನು. ಆಮೇಲೆ ಕ್ಯಾಸೆಟ್ಟನ್ನು. ಟೇಪು ಹೊರಗೆ ಬಂದು ಸುಕ್ಕಾಗಿ, ಒಂದು ಕಡೆ ತುಂಡೇ ಆಗಿತ್ತು. ಕೊನೆಗೆ ಮುಖ ನೋಡಿದ... ನೋಡಿ, ಕ್ಯಾಸೆಟ್ಟನ್ನೇ ಮರೆತ.

ಅದು ಎರಡು ಸಾವಿರದ ಒಂದನೇ ಇಸವಿಯ ಜೂನ್. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು ಅಮರೇಶನ ರೆಕಾರ್ಡಿಂಗ್ ಅಂಗಡಿ. ಜನ ತಮಗೆ ಬೇಕಾದ ಹಾಡುಗಳ ಪಟ್ಟಿ ಕೊಡುತ್ತಿದ್ದರು, ಅವನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದ. ರಸ್ತೆಯಾಚೆ, ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕ್ಯಾಸೆಟ್ ತಂದ ವಾಣಿಶ್ರೀ ಅಲ್ಲಿ ಕಲಿಸುವವಳು, ದಿನವೂ ಕೋಗಳಿಯಿಂದ ಬಸ್ಸಿನಲ್ಲಿ ಬಂದು ಹೋಗುವವಳು. ಮೂರು ತಿಂಗಳಿಂದ ಅವಳು ಆ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದಳು. ಒಳಗೆ ಕಾಲಿಟ್ಟದ್ದು ಅಂದೇ ಮೊದಲು.

ಅಂಗಡಿಯೊಳಗೆ ವಿಚಿತ್ರವಾದ ಹಾಡೊಂದು ಓಡುತ್ತಿತ್ತು. ಗಿಟಾರು ಜೇನುಹುಳದ ಹಾಗೆ ಗುಂಯ್‌ಗುಡುತ್ತಿತ್ತು. ಯಾವನೋ ಹುಡುಗ ಶ್ರುತಿ ಬಿಟ್ಟು ಕಿರುಚುತ್ತಿದ್ದ.

"ಇದರ ಟೇಪೂ ಹಾಳಾಗೈತೇನ್ರಿ?" ಎಂದಳು.

"ಇಲ್ರಿ. ಅದು ಹುಟ್ಟಿದ್ದ ಹಂಗ."

ಮುಂದಿನದನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ. ಹಂಪಿಗೆ ಬಂದಿದ್ದ ಪರದೇಶಿಯೊಬ್ಬ ಹೊರೆ ಹೆಚ್ಚಾಯಿತೆಂದು ಬಿಟ್ಟು ಹೋದ ಕ್ಯಾಸೆಟ್ಟಂತೆ ಅದು. ಅರವತ್ತರ ದಶಕದಲ್ಲಿ ಅಮೆರಿಕದ ಸಣ್ಣ ಸಣ್ಣ ಊರುಗಳ ಹುಡುಗರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕೂತು ಬಾರಿಸಿದ ರಾಕ್ ಹಾಡುಗಳು. ಒಬ್ಬೊಬ್ಬರದು ಒಂದೊಂದೇ ಹಾಡು. ಆಮೇಲೆ ಅವರೆಲ್ಲಿ ಹೋದರೋ ಯಾರಿಗೂ ತಿಳಿಯದು. ಮೂವತ್ತು ವರ್ಷದ ಮೇಲೆ ಯಾರೋ ಪುಣ್ಯಾತ್ಮ ಹುಡುಕಿ ಹುಡುಕಿ ಎಲ್ಲವನ್ನೂ ಒಂದು ಕಡೆ ಸೇರಿಸಿದ್ದ.

"ಬಾರ್ಸಾಕ ಇವ್ರಿಗೆ ನೆಟ್ಟಗ ಬರಂಗಿಲ್ರಿ. ಆದ್ರ ನಾಳಿ ಅನ್ನೋದು ಇಲ್ಲದವರಂಗ ಬಾರ್ಸ್ಯಾರ. ಅದಕ್ಕ ಇನ್ನೂ ಹಳೇದಾಗಿಲ್ಲ."

ವಾಣಿಶ್ರೀ ತನ್ನ ಕ್ಯಾಸೆಟ್ಟಿನ ಕಡೆ ನೋಡಿದಳು. ಏಕೆಂದರೆ ಅವಳು ಕೌಂಟರಿನ ಮೇಲಿಟ್ಟದ್ದೂ ಅಂಥದೇ ಒಂದು ಹಾಡು.

ಅವಳ ಅಪ್ಪ ಗುರುಶಾಂತ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದವನು. ಹಳೆಯ ರೇಡಿಯೋ ಬಿಚ್ಚಿ ತಾನೇ ಆಂಪ್ಲಿಫೈಯರ್ ಮಾಡಿಕೊಂಡಿದ್ದ. ಗೆಳೆಯರ ಜೊತೆ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ವಾಣಿಗೆ ಮೂರು ವರ್ಷವಿದ್ದಾಗ, ಹರಪನಹಳ್ಳಿಯಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಜೀಪು ಉರುಳಿ ತೀರಿಕೊಂಡ. ಅವಳ ಅವ್ವ ಕೊಟ್ರಬಸಮ್ಮ ಗಿಟಾರನ್ನೂ ಫೋಟೋಗಳನ್ನೂ ಕ್ಯಾಸೆಟ್ಟುಗಳನ್ನೂ ಹಿತ್ತಲಿನಲ್ಲಿ ಸುಟ್ಟಳು. ಅಂದಿನಿಂದ ಆ ಮನೆಯಲ್ಲಿ ರೇಡಿಯೋ ಕೂಡ ಇಲ್ಲ.

ಉಳಿದದ್ದು ಈ ಒಂದು ಕ್ಯಾಸೆಟ್. ಅಪ್ಪನ ಜೊತೆ ಡ್ರಮ್ ಬಾರಿಸುತ್ತಿದ್ದ ಬೊಮ್ಮಪ್ಪ ಇಷ್ಟು ವರ್ಷ ಮುಚ್ಚಿಟ್ಟು, ಹೋದ ವಾರ ಅವಳ ಕೈಗಿಟ್ಟಿದ್ದ. ಅಪ್ಪನ ದನಿ ಹೇಗಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವ್ವನಿಗೆ ಸುಳಿವು ಸಿಕ್ಕರೆ ಇದೂ ಒಲೆಗೆ ಹೋಗುತ್ತದೆ... ಅದಕ್ಕೇ ಅವಳು ಯಾರದು ಎಂದು ಹೇಳಲಿಲ್ಲ. ಅವನೂ ವಿಚಾರಿಸಲಿಲ್ಲ.

ನಾಲ್ಕನೆಯ ದಿನ ಅವನು ಹೆಡ್‌ಫೋನ್ ಅವಳ ಕಿವಿಗೆ ಕೊಟ್ಟು, ತಾನು ಗೋಡೆಯ ಕಡೆ ತಿರುಗಿ ನಿಂತ.

ಗಿಟಾರು. ಅದರ ಕೆಳಗೆ ಯಾವುದೋ ತಗಡಿನ ತಾಳ. ನಡುವೆ 'ಟಣ್' ಎಂದು ತಂತಿ ಹರಿದ ಸದ್ದು. ಆಗ ಒಬ್ಬ ಗಂಡಸು ನಗುತ್ತಾ ಹೇಳುತ್ತಾನೆ: "ತಂತಿ ಹೋತು. ನೀ ನಿಂದ್ರಬ್ಯಾಡ, ಬಡಿ!" ಮತ್ತೆ ಉಳಿದ ತಂತಿಗಳಲ್ಲೇ ಗಿಟಾರು ಹುಚ್ಚೆದ್ದು ಕುಣಿಯುತ್ತದೆ.

ನಾಲ್ಕೇ ನಿಮಿಷ. ಅವಳು ಸದ್ದಿಲ್ಲದೆ ಅತ್ತಳು. ಅಮರೇಶ ತಿರುಗಿ ನೋಡಲಿಲ್ಲ. ಆ ತಿರುಗಿ ನೋಡದ ಬೆನ್ನಿನ ಮೇಲೇ ಅವಳಿಗೆ ಮೊದಲು ಮನಸ್ಸಾದದ್ದು.

ಆಮೇಲೆ ಕ್ಲಾಸು ಮುಗಿದು ಬಸ್ಸು ಬರುವವರೆಗಿನ ಅರ್ಧ ಗಂಟೆ ಆ ಅಂಗಡಿಯದಾಯಿತು. ಅವನು ಒಂದೊಂದು ದಿನ ಒಂದೊಂದು ಶೆಡ್ಡಿನ ಹಾಡು ಹಾಕುತ್ತಿದ್ದ. ಕೆಲವು ಹಾಡುಗಳಲ್ಲಿ ಗಿಟಾರಿನ ಪ್ರತಿಧ್ವನಿ ತಲೆಯನ್ನು ಗಿರ್ರನೆ ತಿರುಗಿಸಿ, ಎಲ್ಲಿಗೋ ಒಯ್ದು ಬಿಡುತ್ತಿತ್ತು. ಅವಳು ಆ ಹುಡುಗರಿಗೆಲ್ಲ ಊರು ಕೇರಿ ಕಟ್ಟುತ್ತಿದ್ದಳು. ಇವನಿಗೆ ಅವ್ವ ಬೈದಿರಬೇಕು, ಅವನು ಪರೀಕ್ಷೆಯಲ್ಲಿ ಫೇಲಾಗಿರಬೇಕು ಎಂದು. ಅಮರೇಶ ನಗುತ್ತಿದ್ದ. ಅವಳ ಹೆಸರು ಹಿಡಿದು ಕರೆಯಲು ಅವನಿಗೆ ಎರಡು ತಿಂಗಳು ಬೇಕಾಯಿತು.

*ಇವತ್ತು ಹೇಳಿಬಿಡಲೇ, ಅದು ನಮ್ಮಪ್ಪನ ದನಿ ಅಂತ?* ದಿನವೂ ಅಂದುಕೊಳ್ಳುತ್ತಿದ್ದಳು. ದಿನವೂ ಬಸ್ಸು ಬಂದುಬಿಡುತ್ತಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ಎಲ್ಲವೂ ಮುರಿಯಿತು.

ದಿನದ ಬಸ್ಸು ತಪ್ಪಿ ಅವಳು ಹತ್ತಿದ್ದು ಕೊಟ್ಟೂರಿನಿಂದ ಬರುವ ಖಾಸಗಿ ಬಸ್ಸು. ಡ್ರೈವರ್ ಪಾಲಣ್ಣ ಎಂದಿನಂತೆ ಸಿನಿಮಾ ಹಾಡು ಹಾಕಿದ್ದ. ಹಾಡುಗಳು ಮುಗಿದವು. ಒಂದು ಕ್ಷಣ ಸುಮ್ಮನಿದ್ದ ಸ್ಪೀಕರು... ಗುಂಯ್ ಎಂದಿತು.

ವಾಣಿ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅಪ್ಪ!

"ನೀ ನಿಂದ್ರಬ್ಯಾಡ, ಬಡಿ!" ಎಂಬ ಮಾತು ಬಂದಾಗ ಬಸ್ಸಿಗೆ ಬಸ್ಸೇ ನಕ್ಕಿತು. ಪಾಲಣ್ಣನೂ ಸ್ಟೇರಿಂಗ್ ಬಡಿಯುತ್ತಾ ಅದೇ ಮಾತನ್ನು ಕೂಗಿದ. ಅದು ಅವರಿಗೆಲ್ಲ ಪರಿಚಯದ ತಮಾಷೆಯಾಗಿ ಹೋಗಿತ್ತು.

ಇಪ್ಪತ್ತು ವರ್ಷ ಬಚ್ಚಿಟ್ಟ ದನಿ ಬಸ್ಸಿನ ಧೂಳಿನಲ್ಲಿ ಬಿದ್ದು ಹೊರಳುತ್ತಿದೆ ಅನ್ನಿಸಿತು ಅವಳಿಗೆ.

ಅಂಗಡಿಗೆ ಬಂದಾಗ ಅವಳ ಕಣ್ಣು ಒಣಗಿತ್ತು.

"ಆ ಹಾಡು ಪಾಲಣ್ಣನ ಬಸ್ಸಿಗೆ ಹೆಂಗ ಹೋತ್ರಿ?"

ಅಮರೇಶನ ಮುಖದಲ್ಲಿ ಸಂತೋಷವೇ ಅರಳಿತು. ಅವಳಿಗೆ ಹಿಡಿಸುತ್ತದೆ ಎಂದೇ ಅವನು ನಂಬಿದ್ದ. ರೆಕಾರ್ಡಿಂಗ್ ಅಂಗಡಿಗಳಲ್ಲಿ ಕ್ಯಾಸೆಟ್ಟಿನ ಎರಡನೆಯ ಬದಿಯ, ಅಂದರೆ ಬಿ ಸೈಡಿನ, ಕೊನೆಯನ್ನು ಖಾಲಿ ಬಿಡುವ ಪದ್ಧತಿಯಿಲ್ಲ. ಬಿಟ್ಟರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಪಟ್ಟಿಯ ಹಾಡು ಮುಗಿದು ಮೂರ್ನಾಲ್ಕು ನಿಮಿಷ ಉಳಿದರೆ ಅಂಗಡಿಯವನು ತನಗೆ ತೋಚಿದ್ದನ್ನು ತುಂಬಬೇಕು. ಅಮರೇಶ ವರ್ಷಗಳಿಂದ ಆ ಜಾಗಕ್ಕೆ ಶೆಡ್ಡಿನ ಹಾಡು ತುಂಬುತ್ತಿದ್ದ, ಹಾಗಾದರೂ ನಾಲ್ಕು ಜನರ ಕಿವಿಗೆ ಬೀಳಲಿ ಎಂದು. ಅವಳ ಹಾಡು ಸರಿಯಾಗಿ ನಾಲ್ಕು ನಿಮಿಷ. ರಿಪೇರಿ ಮಾಡುವಾಗ ಒಂದು ಕಾಪಿ ಇಟ್ಟುಕೊಂಡಿದ್ದ. ಹನ್ನೊಂದು ಕ್ಯಾಸೆಟ್ಟುಗಳಿಗೆ ತುಂಬಿದ್ದ.

"ಅವ್ರ ಹೆಸರು ಯಾರಿಗೂ ಗೊತ್ತಿಲ್ಲಲ್ರಿ, ಹಾಡಾದ್ರೂ ಉಳೀಲಿ ಅಂತ..."

"ಹೆಸರು ಗುರುಶಾಂತ." ಅವಳ ದನಿ ಏರಲಿಲ್ಲ. "ನಮ್ಮಪ್ಪ. ನಾನು ಇದ ಅಂಗಡ್ಯಾಗ ಅತ್ತಿದ್ದನ್ನ ನೀವು ನಾಕು ಊರಿಗೆ ಹಂಚಿ ನಗಿಸೀರಿ."

ಅಮರೇಶ ಓಡುತ್ತಿದ್ದ ಟೇಪನ್ನು ನಿಲ್ಲಿಸಿದ. ನೀವು ಹೇಳಿರಲಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ಒಂದು ಮಾತು ಕೇಳಿ ತುಂಬಬೇಕಿತ್ತು. ತಪ್ಪಾತು," ಎಂದಷ್ಟೇ ಹೇಳಿದ.

ಅವಳು ರಸ್ತೆ ದಾಟಿ ಮೆಟ್ಟಿಲು ಹತ್ತಿದಳು. ಅಂದು ಹುಡುಗಿಯರಿಗೆ ಏನು ಕಲಿಸಿದಳೋ ಅವಳಿಗೇ ನೆನಪಿಲ್ಲ.

ಮರುದಿನ ಅಂಗಡಿಗೆ ಬೀಗ. ಅದರ ಮರುದಿನವೂ. *ಹೋಗಲಿ, ನನಗೇನು...* ಎಂದುಕೊಂಡಳು. ಆದರೂ ಕಿಟಕಿಯ ಪಕ್ಕದ ಮಿಷನ್ನಿನ ಹತ್ತಿರವೇ ಹೋಗಿ ನಿಲ್ಲುತ್ತಿದ್ದಳು.

ಎಂಟನೆಯ ದಿನ ಅವನೇ ಮಹಡಿ ಹತ್ತಿ ಬಂದ. ಬಿಸಿಲಿಗೆ ಕಪ್ಪಾಗಿದ್ದ. ಹಡಗಲಿ, ಇಟ್ಟಿಗಿ, ಹರಪನಹಳ್ಳಿ, ಅರಸೀಕೆರೆ, ಕೂಡ್ಲಿಗಿ ಎಲ್ಲ ತಿರುಗಿದ್ದ. ರಸೀದಿ ಪುಸ್ತಕ ಹಿಡಿದು ಮನೆ ಮನೆ ಹುಡುಕಿ, ಹತ್ತು ಕ್ಯಾಸೆಟ್ಟುಗಳ ಕೊನೆಯನ್ನು ಅಳಿಸಿ ಬಂದಿದ್ದ. ತನ್ನ ಹತ್ತಿರವಿದ್ದ ಕಾಪಿಯನ್ನೂ ಅಳಿಸಿದ್ದ. ಪಾಲಣ್ಣ ಮಾತ್ರ ಕೊಡಲೊಪ್ಪಿರಲಿಲ್ಲ.

ಕೂಡ್ಲಿಗಿಯ ಚಹಾ ಹೋಟೆಲಿನ ಗುರುಸಂಗಪ್ಪನೂ ಮೊದಲು ಒಪ್ಪಿರಲಿಲ್ಲವಂತೆ. ಹೆಂಡತಿ ತೀರಿಹೋದ ಮೇಲೆ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವಾಗ ಆ ಹಾಡು ಹಾಕುತ್ತಿದ್ದನಂತೆ. ನಿಲ್ಲಬೇಡ ಎಂದು ಯಾರೋ ತನಗೇ ಹೇಳಿದಂತೆ ಇರುತ್ತಿತ್ತಂತೆ. ಅದು ಒಬ್ಬ ಮಗಳ ಸ್ವತ್ತು ಎಂದು ತಿಳಿದ ಮೇಲೆ, ಎರಡೂ ಕೈಯಿಂದ ಎತ್ತಿ ಕೊಟ್ಟನಂತೆ.

"ಎಲ್ಲಾರೂ ನಗಲಿಲ್ರಿ," ಎಂದ ಅಮರೇಶ. "ಅಷ್ಟು ಹೇಳಬೇಕಿತ್ತು." ಮೆಟ್ಟಿಲಿಳಿದು ಹೋದ.

ವಾಣಿಶ್ರೀ ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದಳು. ಗೆದ್ದಂತೆ ಅನ್ನಿಸಲಿಲ್ಲ. ಹತ್ತು ಕಡೆ ಬದುಕಿದ್ದ ಅಪ್ಪ ಹತ್ತು ಕಡೆಯೂ ಮತ್ತೆ ಸತ್ತ ಹಾಗೆ ಅನ್ನಿಸಿತು...

ಮಾರನೆಯ ದಿನ ಮಧ್ಯಾಹ್ನ. ಅದೇ ಕಿಟಕಿಯಿಂದ ಅವಳು ಕೆಳಗೆ ನೋಡಿದಳು. ಪಾಲಣ್ಣನ ಬಸ್ಸಿನಿಂದ ಅವ್ವ ಇಳಿಯುತ್ತಿದ್ದಳು! ಸಂತೆಗೆ ಕೊಟ್ಟೂರಿಗೆ ಹೋಗಿದ್ದ ಅವ್ವ ಕೋಗಳಿಯಲ್ಲಿ ಇಳಿಯಬೇಕಿತ್ತು. ಇಲ್ಲೇಕೆ ಬಂದಳು? ಪಾಲಣ್ಣ ಅಮರೇಶನ ಅಂಗಡಿಯತ್ತ ಕೈ ತೋರಿಸುತ್ತಿದ್ದ.

ವಾಣಿ ಓಡಿದಳು.

ಅವಳು ಹೊಸ್ತಿಲಿಗೆ ಬರುವಷ್ಟರಲ್ಲಿ ಕೊಟ್ರಬಸಮ್ಮ ಸೆರಗು ಬಿಗಿಹಿಡಿದು ಕೌಂಟರಿನ ಮುಂದೆ ನಿಂತಿದ್ದಳು. ಬಸ್ಸಿನ ಆ ಗಿಟಾರಿನ ಹಾಡು ಹಾಕು ಎನ್ನುತ್ತಿದ್ದಳು. ಆ ಹೆಂಗಸು ಯಾರೆಂದು ಅಮರೇಶನಿಗೆ ತಿಳಿಯದು. ಅದು ಈಗ ತನ್ನ ಹತ್ತಿರ ಇಲ್ಲ, ಇದ್ದರೂ ಹಾಕುವ ಹಕ್ಕು ತನಗಿಲ್ಲ ಎಂದು ಅವನು ಕೈ ಮುಗಿಯುತ್ತಿದ್ದ.

ಪಾಲಣ್ಣನದು ಬಿಟ್ಟರೆ ಉಳಿದ ಒಂದೇ ಕ್ಯಾಸೆಟ್ಟು ವಾಣಿಯ ಚೀಲದಲ್ಲಿತ್ತು. ಸುಮ್ಮನಿದ್ದರೆ ಅಪ್ಪ ಉಳಿಯುತ್ತಾನೆ. ಕೊಟ್ಟರೆ... ಅವಳು ಅವ್ವನ ಮುಖ ನೋಡಿದಳು. ಅಷ್ಟು ಬಾಯಾರಿದ ಮುಖವನ್ನು ಹಿಂದೆಂದೂ ನೋಡಿರಲಿಲ್ಲ.

ತೆಗೆದು ಕೊಟ್ಟಳು.

ಹಾಡು ಶುರುವಾಯಿತು. ತಂತಿ ಹರಿಯಿತು. ಗುರುಶಾಂತ ನಕ್ಕ. ಕೊಟ್ರಬಸಮ್ಮ ಕೌಂಟರಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅವತ್ತು ಬೊಮ್ಮಪ್ಪಗ ಜ್ವರ," ಎಂದಳು ಮೆಲ್ಲಗೆ. "ಶೇಂಗಾ ಮಿಲ್ಲಿನ ಶೆಡ್ಡು. ಖಾಲಿ ಎಣ್ಣಿ ಡಬ್ಬಿ ನನ್ನ ಮುಂದಿಟ್ಟು, ನೀನ ಬಡಿ ಅಂದ್ರು ನಿಮ್ಮಪ್ಪಾರು. ನೀ ಹೊಟ್ಯಾಗ ಐದು ತಿಂಗಳು."

ವಾಣಿ ಅವ್ವನ ಕೈಗಳನ್ನು ನೋಡಿದಳು. 'ನಿಂದ್ರಬ್ಯಾಡ' ಎಂದು ಅಪ್ಪ ಹೇಳಿದ್ದು ಅವ್ವನಿಗೆ...

"ಸಿಟ್ಟಿಗೆ ಎಲ್ಲಾ ಸುಟ್ಟೆ, ವಾಣಿ. ಆಮ್ಯಾಲ ಮುಖ ನೆನಪಿತ್ತು, ದನಿ ಮರತು ಹೋತು. ಯಾರನ್ನ ಕೇಳಲಿ? ಸುಟ್ಟಾಕಿ ನಾನ ಅದೀನಿ." ಅಮರೇಶನ ಕಡೆ ತಿರುಗಿದಳು. "ನಾ ಸುಟ್ಟಿದ್ದನ್ನ ನೀ ಹಂಚಿದೆಪ್ಪ. ಇನ್ನೊಮ್ಮೆ ಹಾಕು."

ಮೂರು ಸಲ ಹಾಕಿದ. ಆಮೇಲೆ ಅವಳು ಕಣ್ಣೊರೆಸಿಕೊಂಡು, ಮಗಳ ಮುಖ ನೋಡಿ, ಅಂಗಡಿಯವನ ಮುಖ ನೋಡಿ, ತಾನು ಈಗಿನ ಬಸ್ಸಿಗೆ ಹೋಗುತ್ತೇನೆ, ನೀನು ಮುಂದಿನದಕ್ಕೆ ಬಾ ಎಂದು ಹೊರಟಳು. ಮುಂದಿನ ಬಸ್ಸು ಒಂದು ಗಂಟೆ ಬಿಟ್ಟು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯಲ್ಲಿ ಇಬ್ಬರೇ ಉಳಿದರು.

ವಾಣಿಶ್ರೀ ಕ್ಯಾಸೆಟ್ಟನ್ನು ಮತ್ತೆ ಅವನ ಮುಂದಿಟ್ಟಳು. ನಿಮ್ಮ ಆ ಪರದೇಶಿ ಹುಡುಗರ ಹಾಡುಗಳ ಜೊತೆಗೆ ಇದನ್ನೂ ಸೇರಿಸಿ, ಕೊನೆಗಲ್ಲ, ಎಲ್ಲಕ್ಕಿಂತ ಮೊದಲು ಎಂದಳು. ಕವರಿನ ಮೇಲೆ ಗಿಟಾರ್ ಗುರುಶಾಂತ, ಡಬ್ಬಿ ಕೊಟ್ರಬಸಮ್ಮ ಎಂದು ದೊಡ್ಡದಾಗಿ ಬರೆಯಬೇಕು ಎಂದಳು. ಮೊದಲನೆಯದು ಕೂಡ್ಲಿಗಿಯ ಆ ಹೋಟೆಲಿಗೆ.

ಅವನು ತಲೆ ತಗ್ಗಿಸಿ ಬರೆದುಕೊಂಡ. ಪೆನ್ನು ನಿಂತಿತು.

"ವಾಣಿಯವ್ರ... ಈ ಎಂಟು ದಿನ ಊರೂರು ತಿರುಗೋವಾಗ ಒಂದು ತಿಳೀತು. ನನಗ ಆ ಹಾಡು ಹೋದ್ರ ತಡ್ಕೊಬಹುದು. ಸಂಜೀಕ ನೀವು ಬರದಿದ್ರ ತಡ್ಕೊಳ್ಳಾಕ ಆಗಂಗಿಲ್ಲ."

ಅವಳು ಕ್ಯಾಸೆಟ್ಟಿನ ಕವರನ್ನು ತೆರೆದು, ಮುಚ್ಚಿದಳು.

"ಇನ್ನೂ ಸಿಟ್ಟು ಐತೇನ್ರಿ?" ಎಂದ.

"ಐತಿ."

"ಎಷ್ಟು ದಿನ ಇರತೈತಿ?"

"ನಾ ಇರೋ ತನಕ ಇರಬಹುದು." ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕಕ್ಕೆ ಕೂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ದೂರ ನಿಂತ್ರ ಹೋಗಂಗಿಲ್ಲ ಅದು. ಮಗ್ಗಲದಾಗ ಇದ್ದು ದಿನಾ ಒಂದೀಟು ಕಳೀರಿ."

ಅಮರೇಶ ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಇರತೀನಿ," ಎಂದ.